ಸ್ಪರ್ಧೆಗಳ ಪಟ್ಟಿ ಬಂತಾ? ಹಾಗಾದರೆ ಅದನ್ನು ಹಿಂದಿನಿಂದ ಓದಿ

ಹಳ್ಳಿ ಮಕ್ಕಳ ಕ್ಲಬ್‌ಗಳಲ್ಲಿ ಪ್ರತಿ ಸಲ ಇದೇ ಕಥೆ. ಮುಂದಿನ ಕಾರ್ಯಕ್ರಮಗಳ ಪಟ್ಟಿ ಕೈಗೆ ಬಂದ ದಿನ ಎಲ್ಲರಿಗೂ ಭಾರಿ ಹುರುಪು. ಪಶು ಪ್ರದರ್ಶನಕ್ಕೂ ಹೆಸರು, ತೋಟದ ಸ್ಪರ್ಧೆಗೂ ಹೆಸರು, ಭಾಷಣಕ್ಕೂ ಹೆಸರು. ಆಮೇಲೆ ಆ ಕಾಗದ ಎಲ್ಲೋ ಪುಸ್ತಕದ ಮಧ್ಯೆ ಸೇರಿಕೊಳ್ಳುತ್ತದೆ. ಮೇಳಕ್ಕೆ ಹತ್ತು ದಿನ ಇದೆ ಅನ್ನುವಾಗ ಕುರಿಮರಿಗೆ ಹಗ್ಗ ಹಾಕಿ ನಡೆಸಲು ಹೋದರೆ ಅದು ನಾಲ್ಕೂ ಕಾಲೂರಿ ನಿಂತುಬಿಡುತ್ತದೆ, ಬೀನ್ಸ್ ಗಿಡ ಇನ್ನೂ ಹೂವಿನಲ್ಲೇ ಇರುತ್ತದೆ, ದಾಖಲೆ ಪುಸ್ತಕದಲ್ಲಿ ಮೊದಲ ಪುಟ ಬಿಟ್ಟರೆ ಉಳಿದದ್ದೆಲ್ಲ ಬಿಳಿ.

ಇದಕ್ಕೆ ಮದ್ದು ಸುಲಭ. ಪಟ್ಟಿಯನ್ನು ಕೊನೆಯ ತಾರೀಖಿನಿಂದ ಹಿಂದಕ್ಕೆ ಓದಿಕೊಂಡು ಬರಬೇಕು. ಹೇಗೆ ಅಂತ ಹೇಳ್ತೀನಿ. ಸದಸ್ಯರಿಗೂ ಆಗುತ್ತದೆ, ಹೊಸದಾಗಿ ಲೀಡರ್ ಆದವರಿಗೂ ಆಗುತ್ತದೆ.

ಮೊದಲು ನಿಯಮ ಓದಿ, ಆಮೇಲೆ ಹೆಸರು ಕೊಡಿ

ನಿಯಮದ ಹಾಳೆಯಲ್ಲಿ ಮೂರು ಸಾಲಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಒಂದು, ವಯಸ್ಸನ್ನು ಯಾವ ದಿನಕ್ಕೆ ಲೆಕ್ಕ ಹಾಕುತ್ತಾರೆ. ಸ್ಪರ್ಧೆಯ ದಿನಕ್ಕೋ, ವರ್ಷದ ಮೊದಲ ದಿನಕ್ಕೋ ಅನ್ನುವುದರ ಮೇಲೆ ನೀವು ಕಿರಿಯರ ಗುಂಪಾ ಹಿರಿಯರ ಗುಂಪಾ ಎಂಬುದೇ ಬದಲಾಗಬಹುದು. ಎರಡು, ಪ್ರಾಣಿ ಯಾವ ತಾರೀಖಿನಿಂದ ನಿಮ್ಮ ಆರೈಕೆಯಲ್ಲಿ ಇರಬೇಕು. ಮೇಳದ ಹಿಂದಿನ ವಾರ ಯಾರದೋ ಕೊಬ್ಬಿದ ಟಗರನ್ನು ತಂದು ನಿಲ್ಲಿಸಬಾರದು ಅಂತಲೇ ಈ ನಿಯಮ ಮಾಡಿರುತ್ತಾರೆ. ಮೂರು, ಹೆಸರು ನೋಂದಾಯಿಸುವ ಕೊನೆಯ ದಿನ. ಇದು ಸ್ಪರ್ಧೆಗಿಂತ ಎಷ್ಟೋ ವಾರ ಮೊದಲೇ ಮುಗಿದುಹೋಗಿರುತ್ತದೆ, ಮಕ್ಕಳು ಅಳುವುದು ಜಾಸ್ತಿ ಇಲ್ಲೇ.

ಇನ್ನೊಂದು ಮಾತು. ಮೊದಲ ವರ್ಷ ಎರಡೇ ಎರಡು ವಿಷಯ ತಗೊಳ್ಳಿ. ಒಂದು ಬೆಳೆಸುವಂಥದ್ದು, ಒಂದು ಮಾತಾಡುವಂಥದ್ದು. ಐದಕ್ಕೆ ಹೆಸರು ಕೊಟ್ಟು ಐದನ್ನೂ ಚೆನ್ನಾಗಿ ಮುಗಿಸಿದ ಮಗುವನ್ನು ನಾನಂತೂ ಇದುವರೆಗೆ ನೋಡಿಲ್ಲ.

ತಾರೀಖಿನಿಂದ ಹಿಂದಕ್ಕೆ ಎಣಿಸುವುದು

ತೋಟದ ಸ್ಪರ್ಧೆಯಿಂದ ಶುರು ಮಾಡೋಣ. ಮೂಲಂಗಿ ಬಿತ್ತಿದ 25ರಿಂದ 30 ದಿನಕ್ಕೆ ಸಿಗುತ್ತದೆ. ಬೀನ್ಸ್‌ಗೆ 50ರಿಂದ 60 ದಿನ ಬೇಕು. ಟೊಮೆಟೊ ಸಸಿ ನೆಟ್ಟ ಮೇಲೆ 60ರಿಂದ 80 ದಿನ, ತಳಿ ನೋಡಿಕೊಂಡು. ಮೇಳದ ದಿನದಿಂದ ಇಷ್ಟು ದಿನ ಹಿಂದಕ್ಕೆ ಎಣಿಸಿದರೆ ಬಿತ್ತುವ ದಿನ ಸಿಕ್ಕಿತು. ಆದರೆ ಆ ಒಂದೇ ದಿನ ನಂಬಿ ಕೂರಬೇಡಿ. ಲೆಕ್ಕಕ್ಕೆ ಒಂದು ವಾರ ಮೊದಲು ಸ್ವಲ್ಪ, ಆ ದಿನ ಸ್ವಲ್ಪ, ಒಂದು ವಾರ ಬಿಟ್ಟು ಸ್ವಲ್ಪ, ಹೀಗೆ ಮೂರು ಕಂತಿನಲ್ಲಿ ಬಿತ್ತಿ. ಬಿಸಿಲು, ಮೋಡ, ಹುಳ ಯಾವುದೂ ನಿಮ್ಮ ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ. ಮೂರರಲ್ಲಿ ಒಂದು ಕಂತಾದರೂ ಮೇಳದ ದಿನಕ್ಕೆ ಸರಿಯಾಗಿ ಕೈಗೆ ಬರುತ್ತದೆ.

ಬೀಜ ಹಳೆಯದಾಗಿದ್ದರೆ ಮೊದಲು ಪರೀಕ್ಷೆ ಮಾಡಿ. ಹತ್ತು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಣಗದ ಹಾಗೆ ಬೆಚ್ಚಗೆ ಇಡಿ. ವಾರ, ಹತ್ತು ದಿನ ಬಿಟ್ಟು ಬಿಚ್ಚಿ ನೋಡಿದಾಗ ಎಂಟು ಮೊಳೆತಿದ್ದರೆ ಧೈರ್ಯವಾಗಿ ಬಿತ್ತಬಹುದು. ನಾಲ್ಕೇ ಮೊಳೆತಿದ್ದರೆ ಬೇರೆ ಬೀಜ ಹುಡುಕಿ.

ಪ್ರಾಣಿ ಸಾಕುವವರಿಗೂ ಇದೇ ಲೆಕ್ಕ, ದಿನದ ಜೊತೆ ತೂಕ ಸೇರುತ್ತದೆ ಅಷ್ಟೇ. ಮೇಳಕ್ಕೆ 84 ದಿನ ಇದೆ, ಮರಿ ಈಗ 22 ಕೆಜಿ ಇದೆ, ಆ ದಿನಕ್ಕೆ 43 ಕೆಜಿ ಆಗಬೇಕು ಅಂತಿಟ್ಟುಕೊಳ್ಳಿ. ಏರಬೇಕಾದದ್ದು 21 ಕೆಜಿ. ಅದನ್ನು 84ರಿಂದ ಭಾಗಿಸಿದರೆ ದಿನಕ್ಕೆ 250 ಗ್ರಾಂ. ಎರಡು ವಾರಕ್ಕೊಮ್ಮೆ ತೂಗಿದಾಗ ಮೂರೂವರೆ ಕೆಜಿ ಏರಿದ್ದರೆ ಸರಿ ದಾರಿಯಲ್ಲಿದ್ದೀರಿ. ಎರಡೇ ಕೆಜಿ ಏರಿದೆಯಾ? ಮೇವು ಸಾಲದು, ಇಲ್ಲ ಹೊಟ್ಟೆಯಲ್ಲಿ ಜಂತುಹುಳ ಇರಬಹುದು, ಪಶುವೈದ್ಯರಿಗೆ ತೋರಿಸಿ. ಇದು ನಾಲ್ಕನೇ ವಾರ ಗೊತ್ತಾದರೆ ಸರಿಮಾಡಬಹುದು, ಹನ್ನೊಂದನೇ ವಾರ ಗೊತ್ತಾದರೆ ಸುಮ್ನೆ ಕೈ ಹಿಸುಕಿಕೊಳ್ಳಬೇಕು ಅಷ್ಟೇ.

ದನಕ್ಕೆ ತಕ್ಕಡಿ ಎಲ್ಲಿಂದ ತರೋದು ಅಂತ ಕೇಳಬೇಡಿ, ಅಳತೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತಗೊಳ್ಳಿ. ಭುಜದ ತುದಿಯಿಂದ ಹಿಂಭಾಗದ ಮೂಳೆಯ ತನಕ ಉದ್ದ ತಗೊಳ್ಳಿ. ಎರಡೂ ಸೆಂಟಿಮೀಟರ್‌ನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿ. ಸುತ್ತಳತೆ 150, ಉದ್ದ 120 ಇರುವ ಕಡಸು ಸುಮಾರು 249 ಕೆಜಿ ತೂಗುತ್ತದೆ. ಇದು ಅಂದಾಜು, ತಕ್ಕಡಿಗೆ ಸಮ ಅಲ್ಲ. ಆದರೆ ಪ್ರತಿ ಸಲ ಒಬ್ಬರೇ, ಒಂದೇ ರೀತಿ ಅಳೆದರೆ ಏರಿಕೆ ಎಷ್ಟು ಅನ್ನುವುದು ಚೆನ್ನಾಗಿಯೇ ಗೊತ್ತಾಗುತ್ತದೆ.

ದಾಖಲೆ ಪುಸ್ತಕ, ಎಲ್ಲರೂ ಬೈದುಕೊಳ್ಳುವ ಪುಸ್ತಕ

ಮಕ್ಕಳಿಗೆ ಇದರಷ್ಟು ಬೇಸರ ಬೇರೆ ಇಲ್ಲ, ಒಪ್ಪುತ್ತೇನೆ. ಆದರೆ ನೆನಪಿನಿಂದ ಕೊನೇ ರಾತ್ರಿ ಬರೆದ ಪುಸ್ತಕವನ್ನು ತೀರ್ಪುಗಾರರು ಎರಡು ಪುಟದಲ್ಲೇ ಹಿಡಿಯುತ್ತಾರೆ. ಪ್ರತಿದಿನ ಒಂದೇ ಪೆನ್ನು, ಒಂದೇ ಅಕ್ಷರ, ಎಲ್ಲ ಅಂಕಿಗಳೂ ಸೊನ್ನೆ ಇಲ್ಲ ಐದರಲ್ಲಿ ಮುಗಿಯುತ್ತವೆ!

ಸುಲಭದ ದಾರಿ ಇದು. ಪುಸ್ತಕವನ್ನು ಮನೆಯೊಳಗೆ ಇಡಬೇಡಿ. ಒಂದು ಸಣ್ಣ ನೋಟ್‌ಬುಕ್ಕಿಗೆ ಪೆನ್ಸಿಲ್ ಕಟ್ಟಿ ಕೊಟ್ಟಿಗೆಯ ಬಾಗಿಲಿಗೇ ನೇತುಹಾಕಿ. ಮೇವು ಹಾಕಿದ ಕೈಯಲ್ಲೇ ಬರೆಯಿರಿ. ತಾರೀಖು, ಎಷ್ಟು ಮೇವು, ಏನಾದರೂ ವಿಶೇಷ. ಕೊಳೆಯಾದರೂ ಪರವಾಗಿಲ್ಲ, ಆಮೇಲೆ ಚೆಂದವಾಗಿ ನಕಲು ಮಾಡಿಕೊಳ್ಳಬಹುದು. ಔಷಧಿ ಕೊಟ್ಟರೆ ಮಾತ್ರ ಅದರ ಹೆಸರು, ಪ್ರಮಾಣ, ದಿನ ಮೂರನ್ನೂ ತಪ್ಪದೆ ಬರೆಯಿರಿ. ಔಷಧಿ ಕೊಟ್ಟ ಮೇಲೆ ಇಷ್ಟು ದಿನ ಆ ಪ್ರಾಣಿಯ ಹಾಲು, ಮಾಂಸ ಬಳಸಬಾರದು ಅಂತ ಡಬ್ಬಿಯ ಮೇಲೆ ಅಚ್ಚು ಹಾಕಿರುತ್ತಾರೆ, ಆ ದಿನಗಳೂ ನಿಮ್ಮ ಕ್ಯಾಲೆಂಡರಿಗೆ ಬರಬೇಕು.

ಪುಸ್ತಕದ ಕೊನೆಯಲ್ಲಿ ಒಂದು ಲೆಕ್ಕ ಇದ್ದರೆ ಅದರ ತೂಕವೇ ಬೇರೆ. ಆ ಮರಿ 84 ದಿನದಲ್ಲಿ 105 ಕೆಜಿ ಮೇವು ತಿಂದು 21 ಕೆಜಿ ಏರಿದ್ದರೆ, ಒಂದು ಕೆಜಿ ತೂಕಕ್ಕೆ ಐದು ಕೆಜಿ ಮೇವು ಖರ್ಚಾಯಿತು ಅಂತ. ಪಕ್ಕದವರ ಮರಿಗೆ ಏಳು ಕೆಜಿ ಬೇಕಾಯಿತಾ? ಏಕೆ ಅಂತ ಕೂತು ಮಾತಾಡಿ. ಕ್ಲಬ್ ಮೀಟಿಂಗ್‌ನಲ್ಲಿ ಇದಕ್ಕಿಂತ ಒಳ್ಳೆ ಚರ್ಚೆ ಸಿಗುವುದಿಲ್ಲ. ನಷ್ಟವಾಗಿದ್ದರೆ ನಷ್ಟ ಅಂತಲೇ ಬರೆಯಿರಿ. ಸತ್ತ ಮರಿಯ ಬಗ್ಗೆ ನಾಲ್ಕು ಸಾಲು ನಿಜ ಬರೆದ ಪುಸ್ತಕ ಗೆದ್ದದ್ದನ್ನು ನಾನು ನೋಡಿದ್ದೇನೆ.

ನಾಲ್ಕು ಪ್ರಾಣಿ, 24 ದಾರಿ

ಈಗ ನನಗೆ ತುಂಬ ಇಷ್ಟವಾದ ಸ್ಪರ್ಧೆಗೆ ಬಂದೆ. ಪ್ರಾಣಿಗಳನ್ನು ನೋಡಿ ತೀರ್ಪು ಕೊಡುವುದು. ಇದಕ್ಕೆ ನಿಮ್ಮ ಹತ್ತಿರ ಒಂದು ಕೋಳಿಯೂ ಇರಬೇಕಾಗಿಲ್ಲ, ಕಣ್ಣು ಮತ್ತು ಬಾಯಿ ಇದ್ದರೆ ಸಾಕು.

ಒಂದೇ ಜಾತಿಯ ನಾಲ್ಕು ಪ್ರಾಣಿಗಳನ್ನು 1, 2, 3, 4 ಅಂತ ನಂಬರ್ ಹಾಕಿ ನಿಲ್ಲಿಸುತ್ತಾರೆ. ಹತ್ತು ಹದಿನೈದು ನಿಮಿಷದಲ್ಲಿ ಯಾವುದು ಮೊದಲು, ಯಾವುದು ಕೊನೆ ಅಂತ ನೀವು ಸಾಲು ಮಾಡಬೇಕು. ನಾಲ್ಕನ್ನು 24 ರೀತಿಯಲ್ಲಿ ಸಾಲು ಮಾಡಬಹುದು, ಹಾಗಾಗಿ ಕಣ್ಣು ಮುಚ್ಚಿ ಹೊಡೆದರೆ ಗುರಿ ತಾಗುವುದು ಕಷ್ಟ.

ಅಂಕ ಕೊಡುವ ಲೆಕ್ಕ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಪೂರ್ಣ ಅಂಕ 50. ತೀರ್ಪುಗಾರರ ಸಾಲು 3-1-4-2 ಅಂತ ಇರಲಿ. ಅವರು ಪಕ್ಕಪಕ್ಕದ ಜೋಡಿಗಳಿಗೆ ಅಂತರದ ಅಂಕವನ್ನೂ ಬರೆದಿರುತ್ತಾರೆ. 3 ಮತ್ತು 1ರ ಮಧ್ಯೆ 2 ಅಂಕ, 1 ಮತ್ತು 4ರ ಮಧ್ಯೆ 5, 4 ಮತ್ತು 2ರ ಮಧ್ಯೆ 3. ಅಂದರೆ ಮೊದಲೆರಡು ಹೆಚ್ಚುಕಡಿಮೆ ಸಮಬಲದವು, ಅದಲುಬದಲು ಮಾಡಿದರೂ ಕಳೆಯುವುದು 2 ಅಂಕ, ನಿಮಗೆ 48 ಬರುತ್ತದೆ. ಮಧ್ಯದ ಜೋಡಿಯನ್ನು ತಿರುಗಿಸಿದರೆ 5 ಹೋಗಿ 45. ಪೂರ್ತಿ ಉಲ್ಟಾ ಬರೆದವರಿಗೂ 15 ಅಂಕ ಉಳಿಯುತ್ತದೆ, ಬೇಕಾದರೆ ಲೆಕ್ಕ ಹಾಕಿ ನೋಡಿ. ಇದರಿಂದ ಕಲಿಯಬೇಕಾದ್ದು ಏನೆಂದರೆ, ಸಮಬಲದ ಜೋಡಿಯ ಮುಂದೆ ನಿಂತು ಸಮಯ ಕಳೆಯಬೇಡಿ. ಎಲ್ಲಿ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೋ ಅದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ತುಂಬ ಸಲ ಅತಿ ಒಳ್ಳೆಯದು ಅಥವಾ ಅತಿ ಕೆಟ್ಟದ್ದು ತಕ್ಷಣ ಕಣ್ಣಿಗೆ ಬೀಳುತ್ತದೆ. ಅದನ್ನು ತೆಗೆದಿಟ್ಟರೆ ಉಳಿಯುವುದು ಮೂರೇ.

ದೂರದಿಂದ ಶುರು ಮಾಡಿ. ಏಳೆಂಟು ಮೀಟರ್ ಹಿಂದೆ ನಿಂತು ಪಕ್ಕದಿಂದ, ಹಿಂದಿನಿಂದ, ಮುಂದಿನಿಂದ ನೋಡಿ. ನಡೆಸಿದಾಗ ಕಾಲು ಎಲ್ಲಿ ಬೀಳುತ್ತದೆ ಗಮನಿಸಿ. ಕೊನೆಗೆ ಮಾತ್ರ ಹತ್ತಿರ ಹೋಗಿ. ಮೊದಲೇ ಮೂತಿಯ ಹತ್ತಿರ ಹೋದವರಿಗೆ ಮುದ್ದು ಮುಖದ ಪ್ರಾಣಿಯೇ ಮೊದಲ ಸ್ಥಾನಕ್ಕೆ ಬರುತ್ತದೆ!

ಆಮೇಲೆ ಬಾಯಿಮಾತಿನ ಕಾರಣ. ಚೀಟಿ ನೋಡದೆ ಎರಡು ನಿಮಿಷದಲ್ಲಿ ತೀರ್ಪುಗಾರರ ಮುಂದೆ ನಿಂತು ನಿಮ್ಮ ಸಾಲನ್ನು ಸಮರ್ಥಿಸಬೇಕು. ಇದಕ್ಕೂ ಪೂರ್ಣ ಅಂಕ 50, ಆದ್ದರಿಂದ ಸಾಲು ತಪ್ಪಿದ್ದರೂ ಮಾತಿನಲ್ಲಿ ಚೆನ್ನಾಗಿ ಅಂಕ ಗಳಿಸಬಹುದು. ಮಾತು ಹೀಗೆ ಇರಲಿ: "3ನ್ನು 1ಕ್ಕಿಂತ ಮೇಲೆ ಇಟ್ಟಿದ್ದೇನೆ, ಏಕೆಂದರೆ 3ರ ಬೆನ್ನು ಇನ್ನೂ ನೇರ, ಹಿಂಗಾಲು ಅಗಲವಾಗಿ ಊರುತ್ತದೆ. 1ರ ಎದೆ 3ಕ್ಕಿಂತ ಆಳ ಇದೆ, ಅದನ್ನು ಒಪ್ಪುತ್ತೇನೆ. ಆದರೂ ಅದರ ಹಿಂಗಾಲು ನಡೆಯುವಾಗ ಒಳಗೆ ತಿರುಗುತ್ತದೆ." ಮಧ್ಯದ ಆ ಒಪ್ಪಿಗೆ ಇದೆಯಲ್ಲ, ಅದನ್ನು ಬಿಡಬೇಡಿ. ಕೆಳಗಿಟ್ಟ ಪ್ರಾಣಿಯಲ್ಲೂ ಒಳ್ಳೆಯದನ್ನು ಕಂಡಿದ್ದೀರಿ ಅಂದರೆ ನಿಜವಾಗಿ ನೋಡಿದ್ದೀರಿ ಅಂತ ಅರ್ಥ. ಇನ್ನೊಂದು, "ಚೆನ್ನಾಗಿದೆ" ಅನ್ನುವ ಪದವನ್ನು ಅಭ್ಯಾಸದಲ್ಲೇ ನಿಷೇಧ ಮಾಡಿ. ಯಾವುದಕ್ಕಿಂತ ಯಾವುದರಲ್ಲಿ ಅಂತ ಹೇಳಲೇಬೇಕು.

ಅಭ್ಯಾಸಕ್ಕೆ ಪ್ರಾಣಿಯೇ ಬೇಕಂತಿಲ್ಲ. ನಾಲ್ಕು ಈರುಳ್ಳಿ, ನಾಲ್ಕು ಪೆನ್ನು, ನಾಲ್ಕು ಚಪ್ಪಲಿ ಇಟ್ಟು ಸಾಲು ಮಾಡಿ ಕಾರಣ ಹೇಳಿಸಿ. ಚಪ್ಪಲಿ ಆಟ ಶುರುವಾದರೆ ಮಕ್ಕಳು ಮನೆಗೆ ಹೋಗುವುದೇ ಇಲ್ಲ.

ಕೋಳಿಯ ವಿಭಾಗ ಇದ್ದರೆ ಒಂದು ಗುಟ್ಟು ಗೊತ್ತಿರಲಿ. ಚರ್ಮ ಹಳದಿ ಇರುವ ತಳಿಗಳಲ್ಲಿ ಕೋಳಿ ಮೊಟ್ಟೆ ಇಡುತ್ತಾ ಹೋದಂತೆ ಆ ಹಳದಿ ಬಣ್ಣ ಮೊಟ್ಟೆಯ ಭಂಡಾರಕ್ಕೆ ಹೋಗಿ ಮೈ ಬಿಳಿಚುತ್ತದೆ. ಬಿಳಿಚುವುದಕ್ಕೂ ಒಂದು ಕ್ರಮ ಇದೆ. ಮೊದಲು ಮೊಟ್ಟೆ ಬರುವ ದ್ವಾರದ ಸುತ್ತ, ಆಮೇಲೆ ಕಣ್ಣಿನ ಸುತ್ತ, ಕಿವಿಯ ಹಾಲೆ, ಕೊಕ್ಕು, ಕೊನೆಗೆ ಕಾಲು. ಕಾಲು ಪೂರ್ತಿ ಬಿಳಿಚಿದ ಕೋಳಿ ಬಹಳ ದಿನದಿಂದ ಇಡುತ್ತಿದೆ. ಹೊಳೆಯುವ ಹಳದಿ ಕಾಲಿನ ಕೋಳಿ ನೋಡಲು ಚೆಂದ, ಮೊಟ್ಟೆಯ ಲೆಕ್ಕದಲ್ಲಿ ಸೋಮಾರಿ. ಗೊತ್ತಿಲ್ಲದವರು ಅದನ್ನೇ ಮೊದಲಿಡುತ್ತಾರೆ.

ಮಾಡಿ ತೋರಿಸುವ ಸ್ಪರ್ಧೆ

ಇದರ ಹಿಂದೆ ಒಂದು ಕಥೆ ಇದೆ. ಅಮೆರಿಕದಲ್ಲಿ 20ನೇ ಶತಮಾನದ ಆರಂಭದಲ್ಲಿ ಕೃಷಿ ಕಾಲೇಜಿನವರು ಹೊಸ ವಿಧಾನ ಹೇಳಲು ಹೋದರೆ ದೊಡ್ಡವರು ಕೇಳುತ್ತಿರಲಿಲ್ಲ. ಮಕ್ಕಳು ಮಾಡಿ ನೋಡುತ್ತಿದ್ದರು, ಮಕ್ಕಳ ಹೊಲದಲ್ಲಿ ಬೆಳೆ ಬಂದದ್ದನ್ನು ಕಂಡು ಅಪ್ಪಂದಿರು ಆಮೇಲೆ ಒಪ್ಪುತ್ತಿದ್ದರು. 1902ರಲ್ಲಿ ಓಹಾಯೊ ರಾಜ್ಯದ ಕ್ಲಾರ್ಕ್ ಕೌಂಟಿಯಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಇಂಥದೇ ಒಂದು ಮಕ್ಕಳ ಕ್ಲಬ್ ಶುರು ಮಾಡಿದರು. ತಲೆ, ಹೃದಯ, ಕೈ, ಆರೋಗ್ಯ ಎಂಬ ನಾಲ್ಕು ಮಾತಿನ ಇಂಗ್ಲಿಷ್ ಮೊದಲಕ್ಷರದಿಂದ ಹೆಸರು ಪಡೆದ 4-ಎಚ್ ಚಳವಳಿಯ ಹುಟ್ಟನ್ನು ಅಲ್ಲಿಂದಲೇ ಎಣಿಸುತ್ತಾರೆ. ಹಾಗಾಗಿ ಮಾಡಿ ತೋರಿಸುವುದು ಇಂಥ ಕ್ಲಬ್‌ಗಳ ಬೇರಿನಲ್ಲೇ ಇದೆ, ನಾಟಕದ ಹಾಗೆ ಬಾಯಿಪಾಠ ಒಪ್ಪಿಸುವುದಲ್ಲ.

ವಿಷಯ ಚಿಕ್ಕದಿರಲಿ. "ಮಣ್ಣು" ಅಂತ ಹೋದರೆ ಎಂಟು ನಿಮಿಷದಲ್ಲಿ ಮುಳುಗಿದಿರಿ. "ನಮ್ಮ ಹೊಲದ ಮಣ್ಣಲ್ಲಿ ಮರಳೆಷ್ಟು, ಜೇಡಿಯೆಷ್ಟು, ಬಾಟಲಿಯಲ್ಲಿ ನೋಡುವುದು ಹೇಗೆ" ಅಂದರೆ ಗೆದ್ದಿರಿ. ಪಾರದರ್ಶಕ ಬಾಟಲಿಗೆ ಮೂರರಲ್ಲಿ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಸೋಪಿನ ಪುಡಿ, ಚೆನ್ನಾಗಿ ಅಲ್ಲಾಡಿಸಿ ಇಡುವುದು. ಮರಳು ಒಂದು ನಿಮಿಷದಲ್ಲಿ ತಳ ಸೇರುತ್ತದೆ. ಅದರ ಮೇಲೆ ನಯವಾದ ಗೋಡುಮಣ್ಣು ಕೂರಲು ಒಂದೆರಡು ಗಂಟೆ. ಜೇಡಿ ಪೂರ್ತಿ ಕೂರಲು ಒಂದು ದಿನಕ್ಕೂ ಮೇಲೆ ಹಿಡಿಯುತ್ತದೆ. ಅಷ್ಟು ಹೊತ್ತು ತೀರ್ಪುಗಾರರು ಕೂರುತ್ತಾರಾ? ಅದಕ್ಕೇ ಎರಡು ದಿನ ಮೊದಲೇ ಅಲ್ಲಾಡಿಸಿಟ್ಟ ಇನ್ನೊಂದು ಬಾಟಲಿ ಮೇಜಿನ ಕೆಳಗೆ ಸಿದ್ಧವಾಗಿರಬೇಕು. ಒಂದನ್ನು ಎದುರಿಗೇ ಅಲ್ಲಾಡಿಸಿ, ಕೂತ ಪದರವನ್ನು ಇನ್ನೊಂದರಲ್ಲಿ ತೋರಿಸಿ. ಯಾವುದೇ ವಿಷಯ ಇರಲಿ, ಮುಗಿದ ವಸ್ತು ಮೊದಲೇ ರೆಡಿ ಇರಬೇಕು. ಆ ಎರಡನೇ ಬಾಟಲಿಯನ್ನು ಮನೆಯಿಂದ ತರುವಾಗ ಮಾತ್ರ ಮಡಿಲಲ್ಲಿ ಇಟ್ಟುಕೊಳ್ಳಿ, ದಾರಿಯಲ್ಲಿ ಕುಲುಕಿ ಕಲಸಿಹೋದ ಅನುಭವ ನನಗಿದೆ.

ಕೈ ಕೆಲಸ ಮಾಡುವಾಗ ಬಾಯಿ ನಿಲ್ಲಬಾರದು. ಇದು ಅಭ್ಯಾಸದಿಂದ ಮಾತ್ರ ಬರುತ್ತದೆ. ಕನಿಷ್ಠ ಐದು ಸಲ ಗಡಿಯಾರ ಇಟ್ಟು ಮಾಡಿ, ಅದರಲ್ಲಿ ಒಂದು ಸಲ ನಿಮ್ಮ ವಿಷಯದ ಗಂಧಗಾಳಿ ಇಲ್ಲದವರ ಮುಂದೆ ಮಾಡಿ. ಅವರು ಎಲ್ಲಿ "ಅಂದ್ರೆ?" ಅಂತ ಕೇಳುತ್ತಾರೋ ಅಲ್ಲಿ ಮಾತು ಬದಲಿಸಿ. ಕೊನೆಗೆ ಪ್ರಶ್ನೆ ಕೇಳುತ್ತಾರೆ. ಪ್ರಶ್ನೆಯನ್ನು ಒಮ್ಮೆ ನೀವೇ ತಿರುಗಿ ಹೇಳಿ, ಹಿಂದೆ ಕೂತವರಿಗೂ ಕೇಳಿಸುತ್ತದೆ, ನಿಮಗೂ ಯೋಚಿಸಲು ಎರಡು ಉಸಿರು ಸಿಗುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಕಥೆ ಕಟ್ಟಿದರೆ ಎದುರಿಗೆ ಕೂತವರಿಗೆ ಗೊತ್ತಾಗಿಬಿಡುತ್ತದೆ.

ತರಕಾರಿ ಇಡುವಾಗ

ನಾನು ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಹೋದಾಗ ಇಡೀ ತೋಟದಲ್ಲಿ ದಪ್ಪ ದಪ್ಪ ಟೊಮೆಟೊ ಆರಿಸಿ ಇಡಿಸಿದ್ದೆ. ಬಹುಮಾನ ಪಕ್ಕದ ತಟ್ಟೆಯ ಸಾಧಾರಣ ಟೊಮೆಟೊಗೆ ಹೋಯಿತು. ಕೋಪ ಬಂತು, ಹತ್ತಿರ ಹೋಗಿ ನೋಡಿದೆ. ಐದೂ ಒಂದೇ ಅಳತೆ, ಒಂದೇ ಬಣ್ಣ, ಒಂದೇ ಹದದ ಹಣ್ಣು, ಒಂದೇ ಗಿಡದ ಅಣ್ಣತಮ್ಮಂದಿರ ಹಾಗೆ. ನಮ್ಮದು ಐದು ಊರಿನ ಐದು ಜನ.

ಒಂದೇ ಸಮ ಇರುವುದು ಮುಖ್ಯ, ಗಾತ್ರ ಆಮೇಲೆ. ಬೇಕಾದದ್ದಕ್ಕಿಂತ ಮೂರು ಪಟ್ಟು ಕೊಯ್ದು, ಮೇಜಿನ ಮೇಲೆ ಹರಡಿ, ಜೋಡಿ ಹುಡುಕಿ. ಬೀನ್ಸ್ ತೊಟ್ಟಿನ ಸಮೇತ ಇರಲಿ. ಈರುಳ್ಳಿಯನ್ನು ಹೊಳೆಯಲಿ ಅಂತ ಸಿಪ್ಪೆ ಸುಲಿದು ಇಡಬೇಡಿ. ಉಜ್ಜಿ ತೊಳೆಯುವ ಬದಲು ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ನಿಯಮದಲ್ಲಿ ಐದು ಅಂತ ಇದ್ದರೆ ಐದೇ ಇಡಿ. ಆರು ಇಟ್ಟು ತಟ್ಟೆಯೇ ಸ್ಪರ್ಧೆಯಿಂದ ಹೊರಹೋಗುವುದು ಎಲ್ಲ ಮೇಳದಲ್ಲೂ ಒಂದಾದರೂ ಇದ್ದೇ ಇರುತ್ತದೆ.

ಬಹುಮಾನದ ಪದ್ಧತಿ ಯಾವುದು ಅಂತಲೂ ಮೊದಲೇ ಕೇಳಿಕೊಳ್ಳಿ. ಕೆಲವು ಕಡೆ ಒಬ್ಬರಿಗೇ ಮೊದಲ ಸ್ಥಾನ. ಕೆಲವು ಕಡೆ ಡೇನಿಶ್ ಪದ್ಧತಿ ಅಂತ ಇದೆ, ಅಲ್ಲಿ ಪಕ್ಕದವರ ಜೊತೆ ಹೋಲಿಸುವುದಿಲ್ಲ, ಒಂದು ಮಟ್ಟ ಇಟ್ಟು ಅದನ್ನು ಮುಟ್ಟಿದವರಿಗೆಲ್ಲ ನೀಲಿ ರಿಬ್ಬನ್, ಸ್ವಲ್ಪ ಕಡಿಮೆಯಾದವರಿಗೆ ಕೆಂಪು, ಇನ್ನೂ ಕಲಿಯಬೇಕಾದವರಿಗೆ ಬಿಳಿ. ಹತ್ತು ಜನರಿಗೆ ನೀಲಿ ಬಂದರೂ ಬರಬಹುದು. ಚಿಕ್ಕ ಮಕ್ಕಳಿಗೆ ಇದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಕ್ಲಬ್‌ನಲ್ಲಿ ಸ್ಪರ್ಧೆ ಏರ್ಪಡಿಸುತ್ತಿದ್ದರೆ ಒಮ್ಮೆ ಮಾಡಿ ನೋಡಿ.

ಪ್ರಾಣಿಯ ಜೊತೆ ಅಂಗಳಕ್ಕೆ ಇಳಿಯುವ ಮುನ್ನ

ನಡೆಸಿ ತೋರಿಸುವ ಸ್ಪರ್ಧೆಯಲ್ಲಿ ಅಂಕ ಪ್ರಾಣಿಗಲ್ಲ, ನಡೆಸುವವರಿಗೆ. ದಿನಕ್ಕೆ ಹತ್ತು ನಿಮಿಷ, ಎಂಟು ವಾರ. ಭಾನುವಾರ ಒಂದೇ ಸಲ ಎರಡು ಗಂಟೆ ಎಳೆದಾಡಿದರೆ ನಿಮಗೂ ಸುಸ್ತು, ಅದಕ್ಕೂ ಸಿಟ್ಟು. ಕೊನೆಯ ಎರಡು ವಾರ ರೇಡಿಯೊ ಹಾಕಿ, ಅಪರಿಚಿತರನ್ನು ಕರೆಸಿ ಮೈ ಮುಟ್ಟಿಸಿ, ಮೇಳದ ಗದ್ದಲ ಅದಕ್ಕೆ ಹೊಸದಾಗಬಾರದು. ಅಂಗಳದಲ್ಲಿ ನಿಮ್ಮ ಒಂದು ಕಣ್ಣು ಪ್ರಾಣಿಯ ಮೇಲೆ, ಇನ್ನೊಂದು ತೀರ್ಪುಗಾರರ ಮೇಲೆ ಇರಲಿ. ಅವರಿಗೂ ಪ್ರಾಣಿಗೂ ಮಧ್ಯೆ ಮಾತ್ರ ನೀವು ಬರಬೇಡಿ.

ಮನೆಯ ಬಕೆಟ್ಟನ್ನೇ ತಗೊಂಡು ಹೋಗಿ. ಹೊಸ ಜಾಗದ ನೀರಿನ ರುಚಿ ಹಿಡಿಸದೆ ಎಷ್ಟೋ ಪ್ರಾಣಿಗಳು ಕುಡಿಯುವುದನ್ನೇ ಕಡಿಮೆ ಮಾಡುತ್ತವೆ, ಹಾಗಾಗಿ ಮನೆಯ ನೀರನ್ನೂ ಒಂದೆರಡು ಕ್ಯಾನ್ ಒಯ್ದರೆ ಒಳ್ಳೆಯದು. ಮೇವು ಬದಲಿಸಲೇಬೇಡಿ. ಕೊಟ್ಟಿಗೆಯಿಂದ ಹೊರಬಂದ ಮಕ್ಕಳೆಲ್ಲ ಸೋಪು ಹಾಕಿ ಕೈ ತೊಳೆದ ಮೇಲೆಯೇ ಊಟಕ್ಕೆ ಕೂರಲಿ, ಇದರಲ್ಲಿ ರಿಯಾಯಿತಿ ಬೇಡ.

ಉಳಿದದ್ದು ಕ್ಲಬ್‌ನ ಬೇರೆ ಕಾರ್ಯಕ್ರಮ. ಆಟೋಟ, ಗಿಡ ನೆಡುವುದು, ಊರ ಸ್ವಚ್ಛತೆ, ಇವಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಒಂದೊಂದಕ್ಕೂ ಇಬ್ಬರೇ ಜವಾಬ್ದಾರರು ಇರಲಿ, ಅವರಲ್ಲಿ ಒಬ್ಬರು ಹೊಸ ಸದಸ್ಯರಾಗಿರಲಿ. ನೆಟ್ಟ ಗಿಡಕ್ಕೆ ಆಮೇಲೆ ನೀರು ಹಾಕುವವರ ಹೆಸರನ್ನೂ ಅದೇ ದಿನ ಬರೆದುಬಿಡಿ.

ಮೇಳ ಮುಗಿಸಿ ಬಂದ ಪ್ರಾಣಿಯನ್ನು ನೇರವಾಗಿ ಉಳಿದವುಗಳ ಜೊತೆ ಬಿಡಬೇಡಿ. ಅಲ್ಲಿ ಎಲ್ಲೆಲ್ಲಿಯ ಪ್ರಾಣಿಗಳ ಜೊತೆ ನಿಂತು ಬಂದಿರುತ್ತದೆ, ಕೆಮ್ಮೋ ಭೇದಿಯೋ ಹೊತ್ತು ತಂದಿರಬಹುದು. ಕನಿಷ್ಠ ಎರಡು ವಾರ ಬೇರೆ ಕಟ್ಟಿ, ಬೇರೆ ಬಕೆಟ್ ಇಡಿ, ಮೇವು ಹಾಕುವಾಗ ಅದಕ್ಕೆ ಕೊನೆಗೆ ಹಾಕಿ. ಆ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ತೀರ್ಪುಗಾರರು ಹೇಳಿದ ಮಾತುಗಳನ್ನು ಅವರು ಹೇಳಿದ ಹಾಗೆಯೇ ಪುಸ್ತಕದ ಕೊನೇ ಪುಟದಲ್ಲಿ ಬರೆದು ಮಲಗಿ. ಬೆಳಗ್ಗೆ ಹೊತ್ತಿಗೆ ಅರ್ಧ ಮರೆತಿರುತ್ತದೆ.